ಕೆರೆ ಏರಿಯಿಂದ ಬೆಟ್ಟದ ಕಾಲುದಾರಿಗೆ: ಟ್ರೇಲ್ ರನ್ನಿಂಗ್ ಶುರು ಮಾಡುವ ಬಗೆ

ಡಾಂಬರು ರಸ್ತೆಯಲ್ಲಿ ಓಡುವಾಗ ಕಾಲ ಕೆಳಗಿನ ನೆಲದ ಯೋಚನೆಯೇ ಬರುವುದಿಲ್ಲ. ಈ ಹೆಜ್ಜೆ ಹೇಗೋ ಮುಂದಿನದೂ ಹಾಗೇ. ಕಾಲುದಾರಿಯಲ್ಲಿ ಹಾಗಲ್ಲ. ಒಂದು ಹೆಜ್ಜೆ ಗರಸಿನ ಮೇಲೆ, ಇನ್ನೊಂದು ಬೇರಿನ ಮೇಲೆ, ಮತ್ತೊಂದು ಹಾಸುಬಂಡೆಯ ಮೇಲೆ. ಏರು ಬರುತ್ತದೆ, ಇಳಿಜಾರು ಬರುತ್ತದೆ, ಲಂಟಾನದ ಪೊದೆ ಅಡ್ಡ ಬರುತ್ತದೆ. ಇಂಥ ದಾರಿಯಲ್ಲಿ ಓಡುವುದಕ್ಕೇ ಟ್ರೇಲ್ ರನ್ನಿಂಗ್ ಅನ್ನುತ್ತಾರೆ.

ನಾನು ಮೂರು ವರ್ಷ ರಸ್ತೆಯಲ್ಲಿ ಓಡಿದ ಮೇಲೆ ಮೊದಲ ಸಲ ಬೆಟ್ಟದ ದಾರಿ ಹಿಡಿದೆ. ರಸ್ತೆಯ ವೇಗವನ್ನೇ ಇಲ್ಲೂ ಉಳಿಸಿಕೊಳ್ಳಬೇಕು ಅಂತ ಹಠ ಇತ್ತು. ಮೂರನೇ ಕಿಲೋಮೀಟರಿನಲ್ಲಿ ಕೈಗಡಿಯಾರ ನೋಡಲು ತಲೆ ಬಗ್ಗಿಸಿದೆ. ಅದೇ ಹೊತ್ತಿಗೆ ಬಲಗಾಲು ಉರುಟು ಕಲ್ಲಿನ ಮೇಲೆ ಬಿತ್ತು. ಪಾದ ಒಳಕ್ಕೆ ಮಡಚಿಕೊಂಡಿತು. ಆರು ವಾರ ಓಟ ಇಲ್ಲ. ಅವತ್ತು ಕಲಿತದ್ದನ್ನೇ ಈ ಬರಹದ ಉದ್ದಕ್ಕೂ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದೇನೆ: ಇಲ್ಲಿ ವೇಗ ಗೊತ್ತು ಮಾಡುವುದು ಗಡಿಯಾರ ಅಲ್ಲ, ನೆಲ.

ಮೊದಲ ಹೆಜ್ಜೆ: ಹತ್ತಿರದ ಮಣ್ಣು ದಾರಿ ಹುಡುಕಿ

ಟ್ರೇಲ್ ಅಂದಕೂಡಲೇ ಕುಮಾರ ಪರ್ವತ, ಮುಳ್ಳಯ್ಯನಗಿರಿ ಕಣ್ಣ ಮುಂದೆ ಬರುತ್ತವೆ. ಮೊದಲ ಎರಡು ತಿಂಗಳು ಅವನ್ನು ಮರೆತುಬಿಡಿ. ನಿಮ್ಮ ಊರಿನ ಕೆರೆ ಏರಿ ಸಾಕು. ಏರಿಯ ಮೇಲೆ ಮಣ್ಣು ಇರುತ್ತದೆ, ಅಲ್ಲಲ್ಲಿ ಕಲ್ಲು, ಹುಲ್ಲು ಇರುತ್ತದೆ. ಎರಡೂ ಕಡೆ ಬಯಲು ಕಾಣುತ್ತದೆ. ದಾರಿ ತಪ್ಪುವ ಭಯವೇ ಇಲ್ಲ. ಕೆರೆ ಇಲ್ಲದಿದ್ದರೆ ಕಾಲುವೆ ದಂಡೆ, ತೋಟದ ಗಾಡಿ ಜಾಡು, ಇಲ್ಲವೇ ಊರಾಚೆಯ ಗೋಮಾಳದ ಕಾಲುದಾರಿ. ಶ್ರೀರಂಗಪಟ್ಟಣದ ಬಳಿ ಕಾಲುವೆ ದಂಡೆಯ ಮಣ್ಣು ದಾರಿಯ ಮೇಲೆಯೇ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆದಿದೆ. ಅಂದಮೇಲೆ ಕಾಲುವೆ ದಂಡೆ ಕೀಳೇನಲ್ಲ.

ಎರೆ ಮಣ್ಣಿನ ಸೀಮೆಯವರಿಗೆ ಒಂದು ಮಾತು. ಮಳೆ ಬಿದ್ದ ಮರುದಿನ ಎರೆ ದಾರಿಗೆ ಇಳಿಯಬೇಡಿ. ಹತ್ತು ಹೆಜ್ಜೆಗೇ ಶೂ ತಳಕ್ಕೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಹಿಡಿತವೂ ಹೋಗುತ್ತದೆ, ಮೊಣಕಾಲೂ ನೋಯುತ್ತದೆ. ಎರಡು ದಿನ ಒಣಗಲು ಬಿಡಿ. ಕೆಂಪು ಗರಸಿನ ದಾರಿಯಾದರೆ ಮಳೆ ನಿಂತ ಒಂದೆರಡು ಗಂಟೆಗೇ ಓಡಬಹುದು.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇದೆ. ಸುಮಾರು ಸಾವಿರ ಮೆಟ್ಟಿಲು. ಏರು ಹತ್ತುವ ಅಭ್ಯಾಸಕ್ಕೆ ಅದು ತುಂಬಾ ಒಳ್ಳೆಯದು. ಆದರೆ ಇಳಿಯುವಾಗ ಓಡಬೇಡಿ. ಕಲ್ಲಿನ ಮೆಟ್ಟಿಲು ಮೊಣಕಾಲಿಗೆ ಒಂದಿಷ್ಟೂ ಕರುಣೆ ತೋರಿಸುವುದಿಲ್ಲ. ಭಕ್ತರು ಹತ್ತುತ್ತಿರುತ್ತಾರೆ ಅನ್ನುವುದೂ ನೆನಪಿರಲಿ.

ಅನುಮತಿಯ ವಿಷಯ. ಮೀಸಲು ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಮನಸ್ಸಿಗೆ ಬಂದಂತೆ ನುಗ್ಗುವ ಹಾಗಿಲ್ಲ. ರಾಜ್ಯದ ಹಲವು ಚಾರಣ ದಾರಿಗಳಿಗೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಕೆಲವನ್ನು ಮುಚ್ಚುತ್ತಾರೆ. ಕಾಫಿ ತೋಟದ ದಾರಿ ಖಾಸಗಿ ಜಾಗ. ಗೇಟಿನ ಹತ್ತಿರ ಯಾರಾದರೂ ಇದ್ದರೆ ನಿಂತು ಕೇಳಿ. ಎರಡು ನಿಮಿಷ ಮಾತಾಡಿದರೆ ದಾರಿಯೂ ಸಿಗುತ್ತದೆ, ಒಳಗೆ ಆನೆ ಬಂದಿದೆಯಾ ಇಲ್ಲವಾ ಅನ್ನುವುದೂ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ಕಿಲೋಮೀಟರ್ ಬಿಡಿ, ನಿಮಿಷ ಲೆಕ್ಕ ಇಡಿ

ರಸ್ತೆಯಲ್ಲಿ 5 ಕಿ.ಮೀ.ಗೆ 35 ನಿಮಿಷ ತೆಗೆದುಕೊಳ್ಳುವವರಿಗೆ ಬೆಟ್ಟದ ದಾರಿಯಲ್ಲಿ ಅದೇ ದೂರಕ್ಕೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆದ್ದರಿಂದ "ಇವತ್ತು 8 ಕಿ.ಮೀ." ಅಂದುಕೊಳ್ಳಬೇಡಿ. "ಇವತ್ತು 50 ನಿಮಿಷ" ಅಂದುಕೊಳ್ಳಿ.

ಏರಿನ ಭಾರ ಎಷ್ಟು ಅಂತ ಅಂದಾಜು ಮಾಡಲು ಟ್ರೇಲ್ ಓಟಗಾರರ ನಡುವೆ ಒಂದು ಸುಲಭ ಲೆಕ್ಕ ಇದೆ. ಪ್ರತಿ 100 ಮೀಟರ್ ಎತ್ತರ ಹತ್ತುವುದಕ್ಕೆ 1 ಕಿ.ಮೀ. ಸೇರಿಸಿ. ಕುಕ್ಕೆಯಿಂದ ಕುಮಾರ ಪರ್ವತದ ತುದಿಯನ್ನೇ ನೋಡಿ. ತುದಿ ಇರುವುದು 1,712 ಮೀಟರ್ ಎತ್ತರದಲ್ಲಿ. ಕುಕ್ಕೆಯಿಂದ ಏರುವುದು ಹತ್ತಿರ ಹತ್ತಿರ 1,600 ಮೀಟರ್. ದಾರಿ ಸುಮಾರು 13 ಕಿ.ಮೀ. ಅಂದರೆ ಮೈಗೆ ಬೀಳುವ ಶ್ರಮ 29 ಕಿ.ಮೀ. ಸಮತಟ್ಟು ಓಟದಷ್ಟು. ಅದೂ ಬರೀ ಹತ್ತುವುದಕ್ಕೆ! ಇಳಿಯುವುದು ಇನ್ನೂ ಬಾಕಿ ಇರುತ್ತದೆ. "13 ಕಿಲೋಮೀಟರ್ ತಾನೆ" ಅಂತ ಹೊರಟವರು ದಾರಿ ನಡುವಿನ ಗಿರಿಗದ್ದೆ ದಾಟುವ ಹೊತ್ತಿಗೆ ಸುಸ್ತಾಗುವುದು ಇದಕ್ಕೇ.

ಉಸಿರನ್ನೇ ಅಳತೆಗೋಲು ಮಾಡಿಕೊಳ್ಳಿ. ಪಕ್ಕದವರ ಜತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಒಂದೊಂದೇ ಪದ ಹೊರಬೀಳುತ್ತಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ನಡೆಯಿರಿ.

ಮೂರನೇ ಹೆಜ್ಜೆ: ಶೂ, ಬಟ್ಟೆ, ಚೀಲ

ಕೆರೆ ಏರಿಗೆ ನಿಮ್ಮ ಹಳೆಯ ರನ್ನಿಂಗ್ ಶೂ ಸಾಕು. ಬೆಟ್ಟಕ್ಕೆ ಹೋಗುವ ಹೊತ್ತಿಗೆ ಟ್ರೇಲ್ ಶೂ ಬೇಕು. ತಳದಲ್ಲಿ ಹಲ್ಲುಗಳು ಎದ್ದಿರುತ್ತವೆ, ನೆಲ ಹಿಡಿಯುವುದು ಅವೇ. ನಮ್ಮ ಬಯಲುಸೀಮೆಯ ಗರಸು ಮತ್ತು ಬಂಡೆಗೆ 3ರಿಂದ 4 ಮಿ.ಮೀ. ಹಲ್ಲು ಸರಿ. ಮಲೆನಾಡಿನ ಕೆಸರಿಗೆ 5 ಮಿ.ಮೀ. ಇದ್ದರೆ ಒಳ್ಳೆಯದು. ಹಲ್ಲು ಉದ್ದವಿದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಹಾಸುಬಂಡೆಯ ಮೇಲೆ ಉದ್ದ ಹಲ್ಲಿನ ಶೂ ನೆಲಕ್ಕೆ ತಾಗುವ ಜಾಗವೇ ಕಡಿಮೆ, ಜಾರುತ್ತದೆ.

ಸಂಜೆ ಹೊತ್ತು ಅಂಗಡಿಗೆ ಹೋಗಿ. ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ತೆಗೆದುಕೊಂಡು ಹೋಗಿ. ಉದ್ದನೆಯ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಡಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ನೀರು ಒಳಗೆ ಬಾರದ ಶೂ ಅಂತ ಜಾಸ್ತಿ ದುಡ್ಡು ಕೊಡಬೇಡಿ. ನಮ್ಮ ಮಳೆಯಲ್ಲಿ ನೀರು ಮೇಲಿನಿಂದ ಹೇಗೂ ಒಳಗೆ ಇಳಿಯುತ್ತದೆ. ಆಮೇಲೆ ಅದು ಹೊರಗೂ ಹೋಗುವುದಿಲ್ಲ.

ಹತ್ತಿ ಬಟ್ಟೆ ಬೇಡ. ಬೆವರು ಕುಡಿದು ಭಾರವಾಗುತ್ತದೆ, ತೊಡೆ ಮತ್ತು ಕಂಕುಳ ಉಜ್ಜಿ ಉರಿಯುತ್ತದೆ. ಹೊರಡುವ ಮುಂಚೆ ಅಲ್ಲಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಒಂದು ಗಂಟೆಗಿಂತ ಜಾಸ್ತಿ ಹೊತ್ತು ಓಡುವುದಾದರೆ ಬೆನ್ನಿಗೆ ಅಂಟಿ ನಿಲ್ಲುವ ಸಣ್ಣ ಚೀಲ ಬೇಕು. ನೀರು, ತಿಂಡಿ, ಫೋನು, ಸೀಟಿ, ಒಂದು ಬ್ಯಾಂಡೇಜ್ ಸುರುಳಿ, ನೂರಿನ್ನೂರು ರೂಪಾಯಿ ನಗದು. ಹಳ್ಳಿಯ ಅಂಗಡಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನಿಂದ ದುಡ್ಡು ಹೋಗುವುದಿಲ್ಲ.

ನಾಲ್ಕನೇ ಹೆಜ್ಜೆ: ಹೆಜ್ಜೆ ಇಡುವುದನ್ನೇ ಹೊಸದಾಗಿ ಕಲಿಯಿರಿ

ಈ ಭಾಗವನ್ನು ನಿಧಾನವಾಗಿ ಓದಿ. ಉಳಿದದ್ದೆಲ್ಲಾ ಇದರ ಮೇಲೆ ನಿಂತಿದೆ.

ಕಣ್ಣು. ಪಾದದ ತುದಿ ನೋಡುತ್ತಾ ಓಡಬಾರದು. ಮೂರು ನಾಲ್ಕು ಮೀಟರ್ ಮುಂದೆ ನೋಡಿ. ಅಲ್ಲಿ ಕಂಡ ಕಲ್ಲನ್ನು ಮನಸ್ಸು ನೆನಪಿಟ್ಟುಕೊಳ್ಳುತ್ತದೆ. ಹತ್ತಿರ ಬಂದಾಗ ಕಾಲು ತಾನಾಗಿಯೇ ಜಾಗ ಹುಡುಕುತ್ತದೆ. ಮೊದಲ ವಾರ ಇದು ನಂಬಲು ಕಷ್ಟ, ಮೂರನೇ ವಾರಕ್ಕೆ ರೂಢಿಯಾಗುತ್ತದೆ. ಸುತ್ತಲಿನ ನೋಟ ನೋಡಬೇಕು ಅನಿಸಿದರೆ ನಿಲ್ಲಿ. ನಿಂತು ಕಣ್ತುಂಬ ನೋಡಿ. ಓಡುತ್ತಾ ನೋಡಬೇಡಿ.

ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಪಾದ ಸೊಂಟದ ನೇರ ಕೆಳಗೆ ಬೀಳಬೇಕು. ದೊಡ್ಡ ಹೆಜ್ಜೆ ಹಾಕಿದಾಗ ಕಲ್ಲು ಉರುಳಿದರೆ ಸರಿಪಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಚಿಕ್ಕ ಹೆಜ್ಜೆಯಲ್ಲಿ ಇನ್ನೊಂದು ಕಾಲು ಆಗಲೇ ಬರುತ್ತಿರುತ್ತದೆ. ಪಾದವನ್ನು ಎಳೆಯಬೇಡಿ, ಎತ್ತಿ ಇಡಿ. ಎಡವುವುದು ಹೆಚ್ಚಾಗಿ ದಣಿದ ಮೇಲೆ, ಕೊನೆಯ ಹದಿನೈದು ನಿಮಿಷದಲ್ಲಿ. ಕಾಲು ಎತ್ತಲು ಸೋಮಾರಿತನ ಶುರುವಾಗುವುದು ಆಗಲೇ.

ಏರು ಬಂದಾಗ ನಡೆಯಿರಿ. ಇದನ್ನು ಒಪ್ಪಿಕೊಳ್ಳಲು ರಸ್ತೆ ಓಟಗಾರರಿಗೆ ತುಂಬಾ ಕಷ್ಟ. ಯುರೋಪಿನ ಮಾಂಟ್ ಬ್ಲಾಂಕ್ ಪರ್ವತದ ಸುತ್ತ 2003ರಿಂದ ಒಂದು ದೊಡ್ಡ ಓಟ ನಡೆಯುತ್ತಿದೆ. ಸುಮಾರು 170 ಕಿ.ಮೀ., ಹತ್ತಿರ ಹತ್ತಿರ 10,000 ಮೀಟರ್ ಏರು. ಅಲ್ಲಿ ಗೆಲ್ಲುವವರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ. ಕಡಿದಾದ ಕಡೆ ಓಡಿದರೂ ನಡೆದರೂ ವೇಗದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಓಡಿದರೆ ದಣಿವು ಮಾತ್ರ ಜಾಸ್ತಿ. ಮುಂದಕ್ಕೆ ಸ್ವಲ್ಪ ಬಾಗಿ, ಅಂಗೈಯನ್ನು ತೊಡೆಯ ಮೇಲಿಟ್ಟು, ಪ್ರತಿ ಹೆಜ್ಜೆಗೂ ತೊಡೆಯನ್ನು ಕೆಳಕ್ಕೆ ಒತ್ತಿ. ಮಲೆನಾಡಿನಲ್ಲಿ ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಏರು ಹತ್ತುವವರನ್ನು ನೋಡಿದ್ದೀರಲ್ವಾ? ಅವರ ಹೆಜ್ಜೆ ಎಷ್ಟು ಚಿಕ್ಕದು, ಎಷ್ಟು ಸಮ! ಎಲ್ಲೂ ಅವಸರ ಇಲ್ಲ, ಎಲ್ಲೂ ನಿಲ್ಲುವುದೂ ಇಲ್ಲ. ಏರು ಹತ್ತುವುದನ್ನು ನಾನು ಕಲಿತದ್ದು ಅವರನ್ನು ನೋಡಿಯೇ.

ಇಳಿಜಾರು ಎಲ್ಲಕ್ಕಿಂತ ಕಷ್ಟ. ಹೆದರಿದಾಗ ಮೈ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಹಿಮ್ಮಡಿ ಮುಂದೆ ಹೋಗಿ ಬೀಳುತ್ತದೆ, ಗರಸು ಜಾರುತ್ತದೆ, ಕುಂಡೆ ಊರಿ ಬೀಳುತ್ತೀರಿ. ಮೈ ಇಳಿಜಾರಿಗೆ ಸರಿಯಾಗಿ ಸ್ವಲ್ಪವೇ ಮುಂದಕ್ಕಿರಲಿ. ಮೊಣಕಾಲು ಮಡಚಿರಲಿ. ಕೈಗಳನ್ನು ಅಗಲಿಸಿ, ಸಮತೋಲಕ್ಕೆ ಬೇಕು. ತುಂಬಾ ಕಡಿದಾಗಿದ್ದರೆ ನೇರ ಇಳಿಯದೆ ಆ ಕಡೆ ಈ ಕಡೆ ಅಡ್ಡಡ್ಡ ಇಳಿಯಿರಿ. ಮೊದಲ ತಿಂಗಳು ಇಳಿಜಾರಿನಲ್ಲಿ ಬೇಗ ಹೋಗುವ ಆಸೆಯೇ ಬೇಡ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದಕ್ಕೇ ಬೆಟ್ಟ ಹತ್ತಿ ಇಳಿದ ಎರಡನೇ ದಿನ ಮೆಟ್ಟಿಲು ಇಳಿಯಲು ಆಗದಷ್ಟು ತೊಡೆ ಹಿಡಿದುಕೊಳ್ಳುವುದು. ಭಯ ಬೇಡ, ಮೂರ್ನಾಲ್ಕು ದಿನಕ್ಕೆ ಸರಿಹೋಗುತ್ತದೆ. ಮುಂದಿನ ಸಲ ನೋವು ಕಡಿಮೆ ಇರುತ್ತದೆ.

ಹಾಸುಬಂಡೆ. ಸಾವನದುರ್ಗ, ರಾಮನಗರದ ಕಡೆಯ ಬಂಡೆ ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತದೆ. ಪಾದ ಪೂರ್ತಿ ಊರಿ ನಡೆಯಿರಿ. ಬಂಡೆಯ ಮೇಲೆ ನೀರು ಹರಿದ ಕಪ್ಪು ಪಟ್ಟಿ ಕಂಡರೆ ಅದರ ಮೇಲೆ ಕಾಲಿಡಲೇಬೇಡಿ. ಒಣಗಿದಾಗ ಅದು ಏನೂ ಮಾಡುವುದಿಲ್ಲ. ಒದ್ದೆಯಾದರೆ ಅದೇ ಪಾಚಿ ಸೋಪಿನಂತೆ ಜಾರುತ್ತದೆ. ಮಳೆಗಾಲದಲ್ಲಿ ಬಂಡೆ ಬೆಟ್ಟಗಳಿಗೆ ಹೋಗದಿರುವುದೇ ವಾಸಿ. ಕರಾವಳಿಯ ಮುರಕಲ್ಲು ಹರವೂ ಮಳೆಗಾಲದಲ್ಲಿ ಹೀಗೇ.

ಐದನೇ ಹೆಜ್ಜೆ: ಮನೆಯಲ್ಲಿ ಹತ್ತು ನಿಮಿಷ

ಒಂದು ಕಾಲಿನ ಮೇಲೆ ನಿಂತು ಹಲ್ಲುಜ್ಜಿ. ಒಂದು ನಿಮಿಷ ಎಡಗಾಲು, ಒಂದು ನಿಮಿಷ ಬಲಗಾಲು. ಸುಲಭ ಅನಿಸಿದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಕಾಲಿನ ಗಿಣ್ಣಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಆಮೇಲೆ ಮೆಟ್ಟಿಲಿನ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ಬಸ್ಕಿ 15, ಒಂದು ಮೆಟ್ಟಿಲಿನಿಂದ ಒಂಟಿ ಕಾಲಿನಲ್ಲಿ ನಿಧಾನವಾಗಿ ಕೆಳಗಿಳಿಯುವುದು ಒಂದೊಂದು ಕಾಲಿಗೆ 10. ವಾರಕ್ಕೆ ಮೂರು ದಿನ ಸಾಕು. ಕೊನೆಯದನ್ನು ಬಿಡಬೇಡಿ, ಇಳಿಜಾರಿಗೆ ತೊಡೆಯನ್ನು ತಯಾರು ಮಾಡುವುದು ಅದೇ.

ಆರನೇ ಹೆಜ್ಜೆ: ಎಂಟು ವಾರ

ರಸ್ತೆಯಲ್ಲಿ ಅರ್ಧ ಗಂಟೆ ನಿಲ್ಲದೆ ನಿಧಾನವಾಗಿ ಓಡಬಲ್ಲವರಿಗೆ ಇದು. ಅಷ್ಟು ಆಗದಿದ್ದರೆ ಒಂದು ತಿಂಗಳು ದಿನವೂ ಅರ್ಧ ಗಂಟೆ ಚುರುಕಾಗಿ ನಡೆದು, ನಡುನಡುವೆ ಓಡಿ, ಆಮೇಲೆ ಶುರು ಮಾಡಿ. ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ.

ಮೊದಲ ಎರಡು ವಾರ, ವಾರಕ್ಕೆ ಮೂರು ದಿನ ಕೆರೆ ಏರಿಯ ಮೇಲೆ 30 ನಿಮಿಷ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮೂರು ಮತ್ತು ನಾಲ್ಕನೇ ವಾರ ಭಾನುವಾರದ ಓಟವನ್ನು 45 ನಿಮಿಷಕ್ಕೆ ಏರಿಸಿ. ಏರಿಯಿಂದ ಕೆಳಗಿಳಿದು ಮತ್ತೆ ಹತ್ತುವುದನ್ನು ಆರೇಳು ಸಲ ಮಾಡಿ. ಐದನೇ ವಾರ ಮೊದಲ ಗುಡ್ಡ. ಒಂದು ಗಂಟೆ, 150 ಮೀಟರಿಗಿಂತ ಜಾಸ್ತಿ ಏರು ಬೇಡ. ಆರನೇ ವಾರ ಅದೇ ಗುಡ್ಡಕ್ಕೆ ಮತ್ತೆ ಹೋಗಿ. ಹೊಸ ಗುಡ್ಡ ಬೇಡ. ಗೊತ್ತಿರುವ ದಾರಿಯಲ್ಲಿ ಹೆಜ್ಜೆ ಎಷ್ಟು ಸುಧಾರಿಸಿದೆ ಅಂತ ನಿಮಗೇ ಕಾಣುತ್ತದೆ. ಏಳನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ ಮೈಗೆ ಬಿಡುವು ಕೊಡಿ. ಎಂಟನೇ ವಾರ 90 ನಿಮಿಷ, 250ರಿಂದ 300 ಮೀಟರ್ ಏರು. ನಡುವಿನ ಎರಡು ದಿನದ ಓಟಗಳು ಯಾವತ್ತೂ 40 ನಿಮಿಷ ದಾಟದಿರಲಿ.

ಏಳನೇ ಹೆಜ್ಜೆ: ನೀರು, ಉಪ್ಪು, ತಿಂಡಿ

ಒಂದು ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಹೊತ್ತುಕೊಂಡು ಹೋಗಿ. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ. ಬಾಯಾರಿಕೆ ಇಲ್ಲದೆ ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ, ರಕ್ತದಲ್ಲಿ ಉಪ್ಪಿನಂಶ ಕುಸಿಯುತ್ತದೆ. ಉದ್ದದ ಓಟಕ್ಕೆ ಓಆರ್‌ಎಸ್ ಒಳ್ಳೆಯದು. ಪೊಟ್ಟಣದ ಮೇಲೆ ಒಂದು ಲೀಟರ್ ಅಂತ ಇದ್ದರೆ ಒಂದೇ ಲೀಟರಿಗೆ ಹಾಕಿ. ರುಚಿಗೆ ಅಂತ ಅರ್ಧ ಲೀಟರಿಗೆ ಬೆರೆಸಬೇಡಿ.

75 ನಿಮಿಷದೊಳಗಿನ ಓಟಕ್ಕೆ ದಾರಿಯಲ್ಲಿ ತಿನ್ನುವ ಅಗತ್ಯ ಇಲ್ಲ. ಅದಕ್ಕಿಂತ ಜಾಸ್ತಿಯಾದರೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಖರ್ಜೂರ, ಕಡಲೆಕಾಯಿ ಚಿಕ್ಕಿ, ಬೆಲ್ಲದ ಉಂಡೆ ಎಲ್ಲವೂ ನಡೆಯುತ್ತದೆ. ನನಗೆ ಹೊಂದಿದ್ದು ರಾಗಿ ಹುರಿಹಿಟ್ಟಿನ ಉಂಡೆ. ಹೊಟ್ಟೆ ಭಾರವಾಗುವುದಿಲ್ಲ, ಬಿಸಿಲಿಗೆ ಕರಗುವುದಿಲ್ಲ. ಏನೇ ಆಗಲಿ, ಮೊದಲು ಕೆರೆ ಏರಿಯ ಮೇಲೆ ತಿಂದು ನೋಡಿ.

ಎಂಟನೇ ಹೆಜ್ಜೆ: ಕಾಡಿನಲ್ಲಿ ನಾವೇ ಹೊಸಬರು

ಬಯಲುಸೀಮೆಯ ಬಂಡೆ ಬೆಟ್ಟಗಳಲ್ಲಿ ಕರಡಿ, ಚಿರತೆ ಇವೆ. ತುಮಕೂರಿನ ದೇವರಾಯನದುರ್ಗ, ರಾಮನಗರ, ಸಾವನದುರ್ಗ ಎಲ್ಲ ಕಡೆ. ಕರಡಿ ಓಡಾಡುವುದು ರಾತ್ರಿ, ನಸುಕು ಮತ್ತು ಮುಸ್ಸಂಜೆ. ಅದಕ್ಕೆ ಬೆಳಕು ಚೆನ್ನಾಗಿ ಹರಿದ ಮೇಲೆಯೇ ಕಾಲುದಾರಿಗೆ ಇಳಿಯಿರಿ, ಸಂಜೆ ನಾಲ್ಕಕ್ಕೆಲ್ಲ ಕೆಳಗಿರಿ. ಕಿವಿಗೆ ಹಾಡು ಹಾಕಿಕೊಳ್ಳಬೇಡಿ. ತಿರುವಿನಲ್ಲಿ ಜೋರಾಗಿ ಮಾತಾಡಿ, ಚಪ್ಪಾಳೆ ತಟ್ಟಿ. ಕರಡಿ ಮೈಮೇಲೆ ಬರುವುದು ಹೆಚ್ಚಾಗಿ ಅದು ಗಾಬರಿಯಾದಾಗ. ನಿಮ್ಮ ಸದ್ದು ಮೊದಲೇ ಕೇಳಿಸಿದರೆ ಅದೇ ದೂರ ಸರಿಯುತ್ತದೆ.

ಒಮ್ಮೆ ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ನನ್ನನ್ನು ತಡೆದು, "ಆ ಕಡೆ ಹೋಗ್ಬೇಡಪ್ಪ, ಸೀತಾಫಲ ಹಣ್ಣಾಗೈತೆ, ಕರಡಿ ಇಳೀತದೆ" ಅಂದರು. ಆ ಮಾತು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅವತ್ತಿನಿಂದ ಯಾವ ಊರಿಗೆ ಹೋದರೂ ಟೀ ಅಂಗಡಿಯಲ್ಲಿ, ದನ ಕಾಯುವವರ ಹತ್ತಿರ ಕೇಳದೆ ಮುಂದೆ ಹೋಗುವುದಿಲ್ಲ. ಸಕಲೇಶಪುರ, ಕೊಡಗು, ಚಿಕ್ಕಮಗಳೂರಿನಲ್ಲಿ ಕೇಳಬೇಕಾದ್ದು ಆನೆಯ ವಿಷಯ. ತಾಜಾ ಲದ್ದಿ ಕಂಡರೆ ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಹಾವು. ಕೊಳಕುಮಂಡಲ ತರಗೆಲೆಯ ನಡುವೆ ಮಲಗಿದ್ದರೆ ಕಾಣುವುದೇ ಇಲ್ಲ. ಕಾಣದ ಜಾಗಕ್ಕೆ ಕಾಲಿಡಬೇಡಿ, ಬಂಡೆ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ, ವಿಷ ಇಳಿಸುವ ಔಷಧ ಇರುವ ಆಸ್ಪತ್ರೆಗೆ ಸೇರಿಸಬೇಕು. ನಡೆಸಬೇಡಿ, ಹೊತ್ತುಕೊಂಡು ಬನ್ನಿ.

ಮಲೆನಾಡಿನ ಮಳೆಗಾಲಕ್ಕೆ ಉಂಬಳ (ಜಿಗಣೆ) ಇದ್ದದ್ದೇ. ಉದ್ದನೆಯ ಕಾಲುಚೀಲ ಹಾಕಿ, ಅದಕ್ಕೆ ಹೊಗೆಸೊಪ್ಪು ನೆನೆಸಿದ ಎಣ್ಣೆ ಸವರಿ. ಹತ್ತಿದರೆ ಉಗುರಿನಿಂದ ಅದರ ಬಾಯಿಯ ಕಡೆ ಮೆಲ್ಲಗೆ ಜಾರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಉಂಬಳಕ್ಕಿಂತ ಹೆಚ್ಚು ಹೆದರಬೇಕಾದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಒಣ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಮೇವರೆಗೆ, ಇದರ ಕಾಟ ಜಾಸ್ತಿ. ನಮಗೆಲ್ಲ ಓಡಲು ಹಿತವಾದ ಚಳಿಗಾಲವೂ ಅದರೊಳಗೇ ಬರುತ್ತದೆ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಕಾಲಿಡಬೇಡಿ. ಆರೋಗ್ಯ ಕಾರ್ಯಕರ್ತರು ಕೊಡುವ ತೈಲ ಹಚ್ಚಿಕೊಳ್ಳಿ. ಬಂದಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮುಂದಿನ ಹತ್ತು ದಿನದಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಸಿಡಿಲು. ಮೋಡ ಕಪ್ಪಾದರೆ ತುದಿಯ ಆಸೆ ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಒಂಬತ್ತನೇ ಹೆಜ್ಜೆ: ಹೊರಡುವ ಮುಂಚೆ, ಕಾಲು ಉಳುಕಿದಾಗ

ಒಬ್ಬರೇ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. ನಕ್ಷೆಯನ್ನು ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ದಾರಿ ತಪ್ಪಿತು ಅನಿಸಿದ ಕ್ಷಣವೇ ನಿಲ್ಲಿ, ಕೊನೆಯ ಗೊತ್ತಿರುವ ಜಾಗಕ್ಕೆ ಹಿಂದಿರುಗಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುವ ಮಾತು ಪಶ್ಚಿಮ ಘಟ್ಟದಲ್ಲಿ ನಂಬಬೇಡಿ. ಆ ಹಳ್ಳ ಜಲಪಾತವಾಗಿ ಧುಮುಕಬಹುದು.

ಕಾಲು ಉಳುಕಿದರೆ ಅಲ್ಲೇ ಕೂತು ನೋಡಿ. ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ, ಅಥವಾ ಗಿಣ್ಣಿನ ಮೂಳೆ ಮುಟ್ಟಿದರೆ ಜೋರು ನೋವಾದರೆ ಎಕ್ಸ್‌ರೇ ಬೇಕು. ನಡೆಯಲು ಆದರೆ ಶೂ ಬಿಚ್ಚಬೇಡಿ. ಬಿಚ್ಚಿದರೆ ಊತಕ್ಕೆ ಮತ್ತೆ ಹಾಕಲು ಆಗುವುದಿಲ್ಲ. ಲೇಸ್ ಸ್ವಲ್ಪ ಸಡಿಲಿಸಿ, ಮೇಲಿನಿಂದ ಬ್ಯಾಂಡೇಜ್ ಸುತ್ತಿ ನಿಧಾನವಾಗಿ ಇಳಿಯಿರಿ. ಮನೆಗೆ ಬಂದು ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಮೊದಲ ಎರಡು ದಿನ ಎಣ್ಣೆ ಹಾಕಿ ತಿಕ್ಕಿಸಬೇಡಿ. ಮನೆಯ ಹಿರಿಯರು ಪ್ರೀತಿಯಿಂದ ತಿಕ್ಕಲು ಬರುತ್ತಾರೆ, ಬೇಡ ಅನ್ನಿ. ಊತ ಹೆಚ್ಚುತ್ತದೆ.

ಹತ್ತನೇ ಹೆಜ್ಜೆ: ಮೊದಲ ಸ್ಪರ್ಧೆ

ಅವಸರ ಬೇಡ, ಆರು ತಿಂಗಳು ಆಗಲಿ. 10 ಕಿ.ಮೀ. ಓಟದಿಂದ ಶುರು ಮಾಡಿ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ 50 ಕಿ.ಮೀ. ಮೇಲಿನ ಓಟಗಳನ್ನು ಮೊದಲ ವರ್ಷ ಸ್ವಯಂಸೇವಕರಾಗಿ ಹೋಗಿ ನೋಡಿ. ನೀರು ಕೊಡುವ ಟೇಬಲ್ಲಿನ ಹಿಂದೆ ಒಂದು ದಿನ ನಿಂತರೆ ಯಾರು ಹೇಗೆ ತಿನ್ನುತ್ತಾರೆ, ಎಲ್ಲಿ ನಡೆಯುತ್ತಾರೆ, ಎಲ್ಲಿ ಸೋಲುತ್ತಾರೆ ಎಲ್ಲ ಕಾಣುತ್ತದೆ. ಹೆಸರು ಕೊಡುವ ಮುಂಚೆ ಎರಡು ವಿಷಯ ಕೇಳಿ: ಒಟ್ಟು ಏರು ಎಷ್ಟು ಮೀಟರ್, ಮುಗಿಸಲು ಸಮಯದ ಮಿತಿ ಎಷ್ಟು.

ಓಡಿ ಬಂದ ಮೇಲೆ

ಕಸವನ್ನು ನಿಮ್ಮ ಚೀಲದಲ್ಲೇ ವಾಪಸ್ ತನ್ನಿ, ಬಾಳೆಹಣ್ಣಿನ ಸಿಪ್ಪೆಯನ್ನೂ. ಸಿಪ್ಪೆ ಕೊಳೆಯುತ್ತದೆ ನಿಜ, ಆದರೆ ಕೋತಿಗಳಿಗೆ ಮನುಷ್ಯರ ತಿಂಡಿಯ ರುಚಿ ಹತ್ತುವುದು ಹೀಗೇ. ಶೂವನ್ನು ವಾಷಿಂಗ್ ಮಷಿನ್‌ಗೆ ಹಾಕಬೇಡಿ, ಬಿಸಿಲಲ್ಲೂ ಇಡಬೇಡಿ. ಅಂಟು ಬಿಡುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಣ್ಣೀರಿನಲ್ಲಿ ಕೆಸರು ತೆಗೆದು, ಒಳಗಿನ ಹಾಸು ಹೊರಗೆ ತೆಗೆದು, ಹಳೇ ನ್ಯೂಸ್‌ಪೇಪರ್ ತುರುಕಿ ನೆರಳಿನಲ್ಲಿಡಿ. ರಾತ್ರಿ ಒಮ್ಮೆ ಪೇಪರ್ ಬದಲಿಸಿ. ಮಳೆಗಾಲದಲ್ಲೂ ಎರಡು ದಿನಕ್ಕೆ ಒಣಗುತ್ತದೆ.